ನೋಡಿದ ಪಿಚ್ಚರನ್ನೇ ಮತ್ತೆ ನೋಡುವುದು ಯಾಕೆ?

"ನೋಡಿದ ಪಿಚ್ಚರ್ ಎಷ್ಟ ಸಲಾ ನೋಡತೀಯೋ ತಮ್ಮಾ? ಅದರಾಗ ಹೊಸಾದು ಏನ ಬಂದೈತಿ?"

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವ ಊರಿನ ಯಾವ ಮನೆಯಲ್ಲಿ ಕಿವಿಗೊಟ್ಟರೂ ಈ ಮಾತು ಒಂದಿಲ್ಲೊಂದು ದಿನ ಕೇಳಿಬರುತ್ತದೆ. ಹೇಳುವವಳು ತಾಯಿ. ಕೇಳಿಸಿಕೊಂಡೂ ಕೇಳದವನಂತೆ ಮೊಬೈಲು ಹಿಡಿದು ಕುಳಿತವನು ಹತ್ತನೆಯ ಇಯತ್ತೆಯ ಮಗ. ಪರೀಕ್ಷೆ ಹತ್ತಿರ ಬಂದ ದಿನಗಳಲ್ಲಿ ಈ ಮಾತಿನ ದನಿ ಸ್ವಲ್ಪ ಏರುತ್ತದೆ, ಅಷ್ಟೆ. ಆದರೆ ಹೀಗೆ ಗದರುವ ಅವ್ವನೇ ಟಿವಿಯಲ್ಲಿ 'ಬಂಗಾರದ ಮನುಷ್ಯ' ಬಂತೆಂದರೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಬಂದು ಬಾಗಿಲ ಬಳಿ ನಿಲ್ಲುತ್ತಾಳೆ. ಒಳಗೆ ಕುಳಿತ ಅಜ್ಜಿಯಂತೂ ರಾಜಕುಮಾರ್ ಆಡಬೇಕಾದ ಮಾತನ್ನು ಅವರಿಗಿಂತ ಒಂದು ಗಳಿಗೆ ಮುಂಚೆಯೇ ಹೇಳಿ ಮುಗಿಸಿರುತ್ತಾಳೆ. ಮೂರು ತಲೆಮಾರಿಗೂ ಅದೇ ಚಟ. ನೋಡುವ ಚಿತ್ರ ಬೇರೆ, ನೋಡುವ ಸಾಧನ ಬೇರೆ.

ಕಥೆ ಗೊತ್ತು, ಕೊನೆ ಗೊತ್ತು, ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂಬುದೂ ಗೊತ್ತು. ಹಾಗಿದ್ದೂ ಜನ ಮತ್ತೆ ಯಾಕೆ ನೋಡುತ್ತಾರೆ?

ಸಿನಿಮಾಪ್ರಿಯರು ನಾಲ್ವರು ಕೂಡಿದಲ್ಲಿ ನಿಂತು ಅವರ ಮಾತು ಕೇಳಿದರೆ ಉತ್ತರದ ಒಂದು ತುದಿ ಸಿಗುತ್ತದೆ. ಬಸ್ ನಿಲ್ದಾಣದ ಚಹಾದ ಅಂಗಡಿ, ಕಾಲೇಜಿನ ಕಟ್ಟೆ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬು ಹೇರಿಕೊಂಡು ಸರದಿ ಕಾಯುವ ಟ್ರ್ಯಾಕ್ಟರುಗಳ ಸಾಲು, ಇವೆಲ್ಲ ಅಂಥ ಮಾತಿಗೆ ಹೇಳಿ ಮಾಡಿಸಿದ ಜಾಗಗಳು. ಅಲ್ಲಿ ಹೊಸ ಚಿತ್ರದ ಮಾತು ಒಂದು ಬಗೆ, ಹಳೆಯ ಚಿತ್ರದ ಮಾತು ಇನ್ನೊಂದು ಬಗೆ. 2022ರ 'ಕೆ.ಜಿ.ಎಫ್' ಎರಡನೆಯ ಭಾಗ, ಅದೇ ವರ್ಷದ 'ಕಾಂತಾರ', 2025ರಲ್ಲಿ ಬಂದ ಅದರ ಮೊದಲ ಅಧ್ಯಾಯ, ಅದೇ ವರ್ಷ ಬಾಯಿಂದ ಬಾಯಿಗೆ ಹರಡಿ ಗೆದ್ದ 'ಸು ಫ್ರಮ್ ಸೋ', ಇವುಗಳ ಬಗ್ಗೆ ಮಾತು ಶುರುವಾಗುವುದೇ "ಹೆಂಗೈತಿ?" ಎಂದು. ಉತ್ತರವೂ ಚುಟುಕು: "ಭಾರೀ ಐತಿ", ಇಲ್ಲವೆ "ಸುಮ್ಮನ ಐತಿ". ಅದಾದ ಮೇಲೆ ಗಳಿಕೆಯ ಲೆಕ್ಕ. ಎಷ್ಟು ದಿನಕ್ಕೆ ಎಷ್ಟು ಕೋಟಿ, ಯಾವ ನಟನ ದಾಖಲೆಯನ್ನು ಯಾರು ಮುರಿದರು ಎಂಬುದರಲ್ಲಿ ಹುಡುಗರು ಗಣಿತದ ಪರೀಕ್ಷೆಯಲ್ಲೂ ತೋರದ ಚುರುಕು ತೋರುತ್ತಾರೆ. ನಿರ್ಮಾಪಕನ ಜೇಬಿಗೆ ಬಿದ್ದ ಹಣದಿಂದ ನೋಡಿದವನಿಗೆ ಬಂದದ್ದೇನು ಎಂದು ಕೇಳುವವರು ಕಡಿಮೆ.

ಅದೇ ಗುಂಪು ಹತ್ತಾರು ಸಲ ನೋಡಿದ ಚಿತ್ರದ ಮಾತಿಗೆ ಬಂದರೆ ಗಳಿಕೆ ಯಾರಿಗೂ ನೆನಪಾಗುವುದಿಲ್ಲ. "ಅವಾ ಬಾಗಲಾ ತಗದ ಬರತಾನಲ್ಲ, ಅಲ್ಲಿ..." ಎಂದು ಒಬ್ಬ ಆರಂಭಿಸುತ್ತಾನೆ. ಉಳಿದವರಿಗೆ ಯಾವ ಬಾಗಿಲು ಎಂದು ಹೇಳಬೇಕಾಗಿಲ್ಲ. ಮಾತೆಲ್ಲ ಬಿಡಿಬಿಡಿ ಜಾಗಗಳ ಮೇಲೆ, ನೋಟಗಳ ಮೇಲೆ, ಮೌನಗಳ ಮೇಲೆ. ಒಂದು ಚಿತ್ರ ಮೊದಲ ಸಲ ನೋಡಿದಾಗ ಸುದ್ದಿ. ಮತ್ತೆ ಮತ್ತೆ ನೋಡಿದಾಗ ಅದು ಊರಿನ ಹಾಗೆ, ಓಣಿ ಓಣಿಯೂ ಗೊತ್ತು.

ಪಾರಿಜಾತದ ನೆಲ

ಈ ಸೀಮೆಯ ಮಟ್ಟಿಗೆ ಈ ಅಭ್ಯಾಸ ಸಿನಿಮಾದಿಂದ ಬಂದದ್ದಲ್ಲ. ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕು ಕೇಂದ್ರವಾಗಿರುವ ಮೂಡಲಗಿಯ ಕಡೆ ಕುಲಗೋಡ ಎಂಬ ಊರಿದೆ. 'ಶ್ರೀಕೃಷ್ಣ ಪಾರಿಜಾತ' ಸಣ್ಣಾಟಕ್ಕೆ ಇಂದಿನ ರೂಪ ಕೊಟ್ಟ ಕುಲಗೋಡ ತಮ್ಮಣ್ಣನ ಊರು ಅದು. ಆ ಆಟದಲ್ಲಿ ಹೆಸರು ಮಾಡಿದ ಕಲಾವಿದೆ ಕೌಜಲಗಿ ನಿಂಗಮ್ಮ ಕೂಡ ಇದೇ ಸುತ್ತಿನವಳು. ನಾರದ ದೇವಲೋಕದಿಂದ ಪಾರಿಜಾತದ ಹೂ ತರುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಕಥೆ ಇಷ್ಟೇ. ಇದನ್ನು ರಾತ್ರಿಯಿಡೀ ಆಡುತ್ತಾರೆ. ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು ನೋಡುವವರಲ್ಲಿ ಕಥೆ ಗೊತ್ತಿಲ್ಲದವನು ಒಬ್ಬನೂ ಇರುವುದಿಲ್ಲ. ಸತ್ಯಭಾಮೆ ಕೊನೆಗೆ ಏನಾಗುತ್ತಾಳೆ ಎಂಬ ಕುತೂಹಲದಿಂದ ಯಾರೂ ಬಂದಿರುವುದಿಲ್ಲ. ಈ ಸಲದ ಭಾಮೆ ಆ ಜಾಗದಲ್ಲಿ ಹೇಗೆ ಹಾಡುತ್ತಾಳೆ, ಭಾಗವತ ಅವಳನ್ನು ಹೇಗೆ ಕೆಣಕುತ್ತಾನೆ ಎಂಬುದನ್ನು ನೋಡಲು ಬಂದಿರುತ್ತಾರೆ.

ಕಂಪನಿ ನಾಟಕಗಳ ಕಾಲದಲ್ಲೂ ಹಾಗೆಯೇ. ಸವದತ್ತಿ ತಾಲ್ಲೂಕಿನ ಏಣಗಿಯ ಬಾಳಪ್ಪನವರು ಬಸವಣ್ಣನ ಪಾತ್ರ ಮಾಡುತ್ತಿದ್ದ 'ಜಗಜ್ಯೋತಿ ಬಸವೇಶ್ವರ' ನಾಟಕವನ್ನು ಪುರಾಣಕ್ಕೆ ಹೋದಂತೆ ಪ್ರತಿಸಲ ಹೋಗಿ ನೋಡುವವರಿದ್ದರು. ನಾಟಕಕ್ಕೂ ಸಿನಿಮಾಕ್ಕೂ ಒಂದು ವ್ಯತ್ಯಾಸವಿದೆ, ನಿಜ. ನಾಟಕ ಪ್ರತಿ ರಾತ್ರಿ ಸ್ವಲ್ಪ ಬದಲಾಗುತ್ತದೆ. ಸಿನಿಮಾದ ಒಂದು ಕೂದಲೂ ಅಲ್ಲಾಡುವುದಿಲ್ಲ. ಬದಲಾಗುವುದೇನಿದ್ದರೂ ನೋಡುವವನು ಮಾತ್ರ. ಈ ಲೇಖನದ ತಿರುಳು ಅಲ್ಲೇ ಇದೆ. ಅದಕ್ಕೆ ಮುಂಚೆ ಈ ಚಿತ್ರಗಳು ಇಲ್ಲಿಗೆ ಬರುತ್ತಿದ್ದ ದಾರಿಯನ್ನು ಸ್ವಲ್ಪ ನೋಡಬೇಕು.

ಪೆಟ್ಟಿಗೆ ಬಂತು ಪೆಟ್ಟಿಗೆ

ಫಿಲ್ಮಿನ ಕಾಲದಲ್ಲಿ ಒಂದು ಚಿತ್ರದ ಪ್ರತಿಗಳು ಕೆಲವೇ ಇರುತ್ತಿದ್ದವು. ಮೊದಲು ದೊಡ್ಡ ನಗರಗಳು, ಆಮೇಲೆ ಜಿಲ್ಲೆಯ ಊರುಗಳು, ಅವೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ಹಂಚಿಕೆದಾರರ ಕೈಯಿಂದ ತಗಡಿನ ಪೆಟ್ಟಿಗೆಗಳಲ್ಲಿ ಬಸ್ಸು ಹತ್ತಿ ತಾಲ್ಲೂಕುಗಳಿಗೆ. ಟೂರಿಂಗ್ ಟಾಕೀಸಿನ ತಂಬಿಗೆ ಬರುವ ಹೊತ್ತಿಗೆ ಚಿತ್ರಕ್ಕೆ ಒಂದೆರಡು ವರ್ಷ ವಯಸ್ಸಾಗಿರುತ್ತಿತ್ತು. ಹೊಸದು ಬರುವುದು ತಡ. ಹಾಗಾಗಿ ಹಳೆಯದನ್ನೇ ಮತ್ತೆ ತರಿಸುವುದು ರೂಢಿ. ಜಾತ್ರೆಗೊಮ್ಮೆ 'ಸತ್ಯ ಹರಿಶ್ಚಂದ್ರ', ಶ್ರಾವಣಕ್ಕೊಮ್ಮೆ 'ಭಕ್ತ ಕುಂಬಾರ' ಎಂಬಂತೆ ನಡೆಯುತ್ತಿತ್ತು. ಪಂಢರಪುರಕ್ಕೆ ಕಾಲ್ನಡಿಗೆಯಲ್ಲಿ ದಿಂಡಿ ಹೋಗುವ ಈ ನಾಡಿನಲ್ಲಿ ಗೋರಾ ಕುಂಬಾರನ ಕಥೆಗೆ ಜನ ಕಡಿಮೆಯಾಗುವ ಮಾತೇ ಇರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಒಂದು ಲೆಕ್ಕ. 35 ಮಿಲಿಮೀಟರ್ ಅಗಲದ ಫಿಲ್ಮು ಪ್ರೊಜೆಕ್ಟರಿನಲ್ಲಿ ಸೆಕೆಂಡಿಗೆ 24 ಚಿತ್ರಗಳಂತೆ, ನಿಮಿಷಕ್ಕೆ 90 ಅಡಿಯಂತೆ ಓಡುತ್ತದೆ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ತುಸು ಹೆಚ್ಚು. ಗೋಕಾಕ ಜಲಪಾತದ ತೂಗುಸೇತುವೆಯ ಉದ್ದ ಸುಮಾರು 200 ಮೀಟರು. ಒಂದು ಸಿನಿಮಾದ ಫಿಲ್ಮನ್ನು ಅದರ ಮೇಲೆ ಹಾಸಲು ಹೊರಟರೆ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ನಡೆಯಬೇಕಾದೀತು. ಅದರಲ್ಲಿರುವ ಬಿಡಿ ಚಿತ್ರಗಳು 2,16,000. ಪ್ರತಿ ಚಿತ್ರವೂ ತೆರೆಯ ಮೇಲೆ ಒಂದು ಗಳಿಗೆ ಕದಲದೆ ನಿಲ್ಲುತ್ತದೆ. ಮುಂದಿನದು ಕೆಳಗಿಳಿಯುವಾಗ ಒಂದು ತಿರುಗುವ ರೆಕ್ಕೆ ಬೆಳಕನ್ನು ತಡೆಯುತ್ತದೆ. ಮಿನುಗು ಕಾಣದಿರಲೆಂದು ಒಂದೇ ಚಿತ್ರಕ್ಕೆ ಎರಡು ಸಲ ಬೆಳಕು ಬಿಡುವುದೂ ಉಂಟು. ಅಂದರೆ ಪ್ರೇಕ್ಷಕ ಹತ್ತಿರ ಹತ್ತಿರ ಅರ್ಧ ಹೊತ್ತು ಖಾಲಿ ಕತ್ತಲನ್ನೇ ನೋಡುತ್ತ ಕುಳಿತಿರುತ್ತಾನೆ. ಆ ಕತ್ತಲನ್ನು ತುಂಬಿ, ನಿಂತ ಚಿತ್ರಗಳನ್ನು ನಡೆಯುವಂತೆ ಮಾಡುವುದು ಅವನ ಮೆದುಳು. ಟಿಕೀಟಿನ ಹಣ ಕೊಟ್ಟು ಒಳಗೆ ಹೋದವನು ಅರ್ಧ ಕೆಲಸವನ್ನು ತಾನೇ ಮಾಡಿ ಬರುತ್ತಾನೆ ಎಂದರೂ ತಪ್ಪಲ್ಲ.

ಊರೂರು ಸುತ್ತಿದ ಪ್ರತಿ ಇಲ್ಲಿಗೆ ಬರುವಾಗ ಗೀರುಬಿದ್ದು, ತೆರೆಯ ಮೇಲೆ ಸದಾ ಮಳೆ ಸುರಿಯುತ್ತಿರುವಂತೆ ಕಾಣುತ್ತಿತ್ತು. ಹರಿದಲ್ಲಿ ಆಪರೇಟರು ಕತ್ತರಿಸಿ ಅಂಟಿಸಿದ್ದರಿಂದ ನಾಯಕಿ ಬಾಯಿ ತೆರೆದವಳು ಮುಚ್ಚುವಷ್ಟರಲ್ಲಿ ಇನ್ನೊಂದು ಊರಿನಲ್ಲಿರುತ್ತಿದ್ದಳು. "ಹೋದ ಸಲಾ ಈ ಮಾತ ಇತ್ತು, ಈ ಸಲಾ ಇಲ್ಲ" ಎಂದು ಗುರುತಿಸಿ ಕೂಗು ಹಾಕುವವರು ಮುಂದಿನ ಸಾಲಿನಲ್ಲೇ ಇರುತ್ತಿದ್ದರು. ರೀಲು ಬದಲಾಗುವ ಮುನ್ನ ತೆರೆಯ ಬಲಮೇಲ್ಮೂಲೆಯಲ್ಲಿ ಮಿಂಚಿ ಮಾಯವಾಗುವ ಚುಕ್ಕೆ ಅವರ ಕಣ್ಣಿಗೆ ತಪ್ಪುತ್ತಿರಲಿಲ್ಲ. ಚಿತ್ರ ಡಿಜಿಟಲ್ ಆದ ಮೇಲೆ ಆ ಚುಕ್ಕೆಯೂ ಹೋಯಿತು, ಮಳೆಯೂ ನಿಂತಿತು.

ವರ್ಷಗಟ್ಟಲೆ ಓಡಿದವು

ನೋಡಿದ್ದನ್ನೇ ನೋಡುವ ಜನ ಇಲ್ಲದಿದ್ದರೆ ಯಾವ ಚಿತ್ರವೂ ವರ್ಷಗಟ್ಟಲೆ ಓಡಲಾರದು. ಕೋಲ್ಕತ್ತದ ರಾಕ್ಸಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿದ 'ಕಿಸ್ಮತ್' (1943) ಚಿತ್ರಕ್ಕೆ ಹಾಡಿದ ಅಮೀರಬಾಯಿ ಕರ್ನಾಟಕಿ ನಮ್ಮ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು ಎಂಬುದನ್ನು ಎಷ್ಟು ಮಕ್ಕಳು ಬಲ್ಲರೋ! ರಾಮನಗರದ ಬಂಡೆಗಳ ನಡುವೆ ತಯಾರಾದ 'ಶೋಲೆ' (1975) ಮುಂಬೈಯ ಮಿನರ್ವಾದಲ್ಲಿ ಐದು ವರ್ಷ ನಡೆಯಿತು. ಅದರ ಸಂಭಾಷಣೆಯ ಗ್ರಾಮಾಫೋನ್ ತಟ್ಟೆಗಳೇ ಮಾರಾಟವಾದವು. ಚಿತ್ರ ಕಣ್ಣಿಗೆ ಬೀಳದಿದ್ದರೂ ಗಬ್ಬರನ ಮಾತು ಮದುವೆಮನೆಗಳ ಲೌಡ್‌ಸ್ಪೀಕರುಗಳಲ್ಲಿ ಕಿವಿಗೆ ಬೀಳುತ್ತಿತ್ತು. 1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಈಚಿನ ಕಾಲದಲ್ಲಿ 'ಮುಂಗಾರು ಮಳೆ' (2006) ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿತು. 1995ರ 'ಓಂ' ಐನೂರಕ್ಕೂ ಹೆಚ್ಚು ಸಲ ಮರುಬಿಡುಗಡೆಯಾಯಿತೆಂಬುದು ಚಿತ್ರರಂಗದವರ ಲೆಕ್ಕ.

ಮರುಬಿಡುಗಡೆಯ ಗಾಳಿ ಈಗ ಮತ್ತೆ ಬೀಸಿದೆ. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ಹಚ್ಚಿಕೊಂಡು ಬಂದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡ ಮೇಲೆ ಅವರ ಹಳೆಯ ಚಿತ್ರಗಳನ್ನು ಜನ ನೋಡುವ ಬಗೆಯೇ ಬೇರೆಯಾಯಿತು. 2002ರ 'ಅಪ್ಪು' 2025ರ ಮಾರ್ಚಿನಲ್ಲಿ ಮತ್ತೆ ತೆರೆಗೆ ಬಂದಾಗ, ಅದು ಮೊದಲು ಬಂದ ವರ್ಷ ಹುಟ್ಟಿಯೇ ಇರದ ಹುಡುಗರು ಹೋಗಿ ಕುಣಿದರು. ಅದೇ ಚಿತ್ರವನ್ನು 2002ರಲ್ಲಿ ನೋಡಿದ್ದವರು ಹಾಡು ಮುಗಿಯುವ ಮೊದಲೇ ಕಣ್ಣು ಒರೆಸಿಕೊಂಡರು. ತೆರೆಯ ಮೇಲೆ ಅದೇ ಕುಣಿತ, ಅದೇ ನಗು.

ಗಡಿಯ ಈ ಊರುಗಳಲ್ಲಿ ಇನ್ನೊಂದು ವಿಶೇಷವಿದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ ದೂರವಲ್ಲ. 1929ರಲ್ಲಿ ಪ್ರಭಾತ್ ಕಂಪನಿ ಶುರುವಾದದ್ದು ಆ ಊರಿನಲ್ಲೇ. ಪುಣೆಗೆ ಹೋದ ಮೇಲೆ ಅದು ತೆಗೆದ 'ಸಂತ ತುಕಾರಾಮ' (1936) ವೆನಿಸ್ ಚಿತ್ರೋತ್ಸವದವರೆಗೆ ಹೋಗಿ ಮೆಚ್ಚುಗೆ ಪಡೆಯಿತು. 1963ರಲ್ಲಿ ರಾಜಕುಮಾರ್ ಅಭಿನಯದ ಕನ್ನಡ 'ಸಂತ ತುಕಾರಾಂ' ಬಂತು. ಎರಡೂ ಭಾಷೆ ಬಲ್ಲ ಈ ಸೀಮೆಯ ಹಿರಿಯರಿಗೆ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ನೋಡಿ ತೂಗುವ ಭಾಗ್ಯ. 2016ರ ಮರಾಠಿ 'ಸೈರಾಟ್' ನೋಡಿದ ಮಕ್ಕಳು ಮರುವರ್ಷ ಅದರ ಕನ್ನಡ ರೂಪ 'ಮನಸು ಮಲ್ಲಿಗೆ'ಯನ್ನು ಹೀಗೆಯೇ ಪಕ್ಕದಲ್ಲಿಟ್ಟು ನೋಡಿದರು. ಈ ಕಡೆಯ ಎಷ್ಟೋ ಹಿರಿಯರ ಹಿಂದಿ ಶಾಲೆಯಲ್ಲಿ ಕಲಿತದ್ದಲ್ಲ, ಟಾಕೀಸಿನಲ್ಲಿ ಕಲಿತದ್ದು. ಮೊದಲ ಸಲ ಅರ್ಥವಾಗದ ಮಾತು ಮೂರನೆಯ ಸಲಕ್ಕೆ ತಾನಾಗಿ ಬಾಯಿಗೆ ಬರುತ್ತಿತ್ತು. ಭಾಷೆ ಕಲಿಸುವವರು ಇದನ್ನು ಅಷ್ಟಾಗಿ ಗಮನಿಸಿಲ್ಲ.

ಗೋಕಾಕದ ಮಾಸ್ತರರ ಕಥೆಗಳು

ಗೋಕಾಕ ಮತ್ತು ಸಿನಿಮಾ ಎಂದೊಡನೆ ಹಲವರಿಗೆ ರಾಜಕುಮಾರ್ ಮುಂದಾಳತ್ವ ವಹಿಸಿದ 1982ರ ಗೋಕಾಕ ಚಳವಳಿ ನೆನಪಾಗುತ್ತದೆ. ಅದರ ಹೆಸರು ವರದಿ ಬರೆದ ವಿ.ಕೃ. ಗೋಕಾಕರದು, ಅವರು ಹುಟ್ಟಿದ್ದು ಸವಣೂರಿನಲ್ಲಿ. ಸಿನಿಮಾಕ್ಕೆ ಗೋಕಾಕದ ನಿಜವಾದ ಕೊಡುಗೆ ಬೇರೆಯೇ ಇದೆ. ಬೀಳಗಿಯಲ್ಲಿ 1911ರಲ್ಲಿ ಹುಟ್ಟಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಆ ಕೊಡುಗೆ. ಕನ್ನಡದ ಕಾದಂಬರಿಗಳು ತೆರೆಗೆ ಬರತೊಡಗಿದ ಆರಂಭದ ದಿನಗಳಲ್ಲೇ ಅವರ 'ಧರ್ಮದೇವತೆ' 'ಕರುಣೆಯೇ ಕುಟುಂಬದ ಕಣ್ಣು' (1962) ಆಯಿತು. ಮರುವರ್ಷ 'ಕುಲವಧು' ಬಂತು. ಬೇಂದ್ರೆಯವರ ಯುಗಾದಿಯ ಹಾಡು ಮನೆಮನೆಗೆ ತಲುಪಿದ್ದು ಆ ಚಿತ್ರದಿಂದ. 1977ರಲ್ಲಿ 'ಸನಾದಿ ಅಪ್ಪಣ್ಣ'.

'ಸನಾದಿ ಅಪ್ಪಣ್ಣ'ನನ್ನು ಮತ್ತೆ ನೋಡುವವರ ಬಗೆ ನೋಡಿ. ಮೊದಲ ಸಲ ಅಪ್ಪಣ್ಣನ ಪಾಡಿಗೆ ಮರುಗಿ ಬರುತ್ತಾರೆ. ಎರಡನೆಯ ಸಲ ಕಿವಿ ತೆರೆಯುತ್ತದೆ. ತೆರೆಯ ಮೇಲೆ ಸನಾದಿ ಹಿಡಿದವರು ರಾಜಕುಮಾರ್, ಆದರೆ ಕೇಳುವ ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದು. ಮೂರನೆಯ ಸಲ ಕಣ್ಣು ಬೆರಳುಗಳ ಮೇಲೆ ನಿಲ್ಲುತ್ತದೆ: ಸ್ವರ ಏರಿದಾಗ ಬೆರಳು ಏಳುತ್ತದೆಯೇ? ಕೆನ್ನೆ ತುಂಬುವುದು ದನಿ ಹೊರಡುವ ಮುಂಚೆಯೋ, ಆಮೇಲೋ? ಮದುವೆ, ಗುಡಿ, ಜಾತ್ರೆಗಳಲ್ಲಿ ಸನಾದಿ ಕೇಳುತ್ತ ಬೆಳೆದ ಈ ಸೀಮೆಯ ಜನ ಇಂಥದರಲ್ಲಿ ಸುಲಭವಾಗಿ ಮೋಸ ಹೋಗುವವರಲ್ಲ. ಅಷ್ಟು ಸೂಕ್ಷ್ಮವಾಗಿ ನೋಡಿಯೂ ಮೆಚ್ಚಿದ್ದರಿಂದಲೇ ಆ ಚಿತ್ರ ಇಲ್ಲಿ ಉಳಿದಿದೆ.

ಮೊದಲ ಸಲ ಇದೆಲ್ಲ ಯಾಕೆ ಕಾಣುವುದಿಲ್ಲ? ಇದಕ್ಕೆ ಕಣ್ಣಿನ ರಚನೆಯಲ್ಲೇ ಕಾರಣವಿದೆ. ನಮ್ಮ ಕಣ್ಣು ಎದುರಿಗಿರುವುದನ್ನೆಲ್ಲ ಒಂದೇ ಬಾರಿಗೆ ಸ್ಪಷ್ಟವಾಗಿ ನೋಡುವುದಿಲ್ಲ. ಅಕ್ಷಿಪಟಲದ ನಡುವಿನ ಒಂದು ಪುಟ್ಟ ಕುಳಿಗೆ ಮಾತ್ರ ಆ ಶಕ್ತಿ. ಕೈಯನ್ನು ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಉಗುರಿನಷ್ಟು ಜಾಗವೇ ನಿಚ್ಚಳ, ಉಳಿದದ್ದು ಮಸುಕು. ನಂಬಿಕೆ ಬಾರದಿದ್ದರೆ ಈ ಸಾಲಿನ ಒಂದೇ ಪದದ ಮೇಲೆ ಕಣ್ಣು ನೆಟ್ಟು, ಕಣ್ಣು ಕದಲಿಸದೆ ಅದರಾಚೆಯ ಐದನೆಯ ಪದ ಓದಲು ಪ್ರಯತ್ನಿಸಿ. ಆದ್ದರಿಂದ ಕಣ್ಣು ಸೆಕೆಂಡಿಗೆ ಮೂರು ಸಲದಂತೆ ಜಿಗಿಯುತ್ತ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ದೊಡ್ಡ ತೆರೆಯ ಮುಂದೆ ಕುಳಿತವನು ಮೊದಲ ಸಲ ಆರಿಸಿಕೊಳ್ಳುವುದು ಕಥೆಗೆ ಬೇಕಾದದ್ದನ್ನು: ಯಾರು ಮಾತಾಡುತ್ತಿದ್ದಾರೆ, ಮುಂದೇನಾಗುತ್ತದೆ. ಹಿಂದೆ ನಿಂತವನ ಮುಖ, ಗೋಡೆಯ ಮೇಲಿನ ಪಟ, ಕೇಳಿಸಿಕೊಳ್ಳುವವಳ ಕೈ, ಇವೆಲ್ಲ ತೆರೆಯ ಮೇಲೆ ಇದ್ದೂ ಇರುವುದಿಲ್ಲ.

1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಷಾಬ್ರಿಸ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಒಂದು ಸಣ್ಣ ಚಿತ್ರ ತೋರಿಸಿದರು. ಎರಡು ತಂಡಗಳು ಚೆಂಡು ಎಸೆದಾಡುತ್ತಿವೆ. ಬಿಳಿ ಅಂಗಿಯವರು ಎಷ್ಟು ಸಲ ಎಸೆದರು ಎಂದು ಎಣಿಸಬೇಕು. ಆಟದ ನಡುವೆ ಗೊರಿಲ್ಲಾ ವೇಷದ ಒಬ್ಬರು ನಿಧಾನವಾಗಿ ನಡೆದು ಬಂದು, ಮಧ್ಯೆ ನಿಂತು ಎದೆ ಬಡಿದುಕೊಂಡು ಹೋಗುತ್ತಾರೆ. ನೋಡಿದವರಲ್ಲಿ ಸುಮಾರು ಅರ್ಧ ಜನಕ್ಕೆ ಗೊರಿಲ್ಲಾ ಕಾಣಲೇ ಇಲ್ಲ! ಎಣಿಸುವ ಕೆಲಸ ಬಿಟ್ಟು ನೋಡಿದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ಸಿನಿಮಾದಲ್ಲಿ ಮೊದಲ ಸಲ ಕಥೆ ಹಿಂಬಾಲಿಸುವುದೇ ಈ ಎಣಿಕೆಯ ಕೆಲಸ. ಎರಡನೆಯ ಸಲ ಎಣಿಸಬೇಕಾಗಿಲ್ಲ.

ಕೊನೆ ಗೊತ್ತಾದರೆ ರುಚಿ ಕೆಡುತ್ತದೆ ಎಂಬ ಮಾತೂ ಅಷ್ಟು ಗಟ್ಟಿಯಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಸಂಶೋಧಕರು, ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್, ಕೆಲವರಿಗೆ ಸಣ್ಣಕಥೆಗಳ ಕೊನೆಯನ್ನು ಮೊದಲೇ ತಿಳಿಸಿ ಓದಲು ಕೊಟ್ಟರು. ಕೊನೆ ತಿಳಿದು ಓದಿದವರೇ ಒಟ್ಟಿನಲ್ಲಿ ಹೆಚ್ಚು ಮೆಚ್ಚಿಕೊಂಡಿದ್ದರು. ಪಾರಿಜಾತಕ್ಕೆ ಕಂಬಳಿ ಹೊದ್ದು ಕುಳಿತ ಮುದುಕರಿಗೆ ಈ ಸುದ್ದಿ ಹೇಳಿದ್ದರೆ ನಕ್ಕುಬಿಡುತ್ತಿದ್ದರೇನೋ. 'ಬಂಗಾರದ ಮನುಷ್ಯ'ದ ರಾಜೀವ ಅಕ್ಕನ ಊರಿಗೆ ಬರುವ ಮೊದಲ ದೃಶ್ಯಗಳನ್ನು ನೆನೆಸಿಕೊಳ್ಳಿ. ಮೊದಲ ಸಲ ನೋಡುವವನಿಗೆ ಅವನು ಊರಿಗೆ ಬಂದ ಒಬ್ಬ ಯುವಕ, ಅಷ್ಟೆ. ಆದರೆ ಬರಡು ನೆಲವನ್ನು ಹೊನ್ನಾಗಿಸಿದ ಮೇಲೆ, ತಾನು ಓದಿಸಿದ ಅಕ್ಕನ ಮಗನಿಂದಲೇ ಮಾತು ಕೇಳಿ, ಏನನ್ನೂ ಒಯ್ಯದೆ ಅದೇ ಊರು ಬಿಟ್ಟು ಹೋಗುತ್ತಾನೆಂದು ತಿಳಿದವನಿಗೆ ಆ ಬರುವಿಕೆಯೇ ಬೇರೆಯಾಗಿ ಕಾಣುತ್ತದೆ. ಹಿಡಕಲ್ ಅಣೆಕಟ್ಟಿನ ಕಾಲುವೆ ನೀರು ಬಂದ ಮೇಲೆ ಹೊಲದ ಬಣ್ಣ ಬದಲಾದುದನ್ನು ಕಂಡ ರೈತನಿಗಂತೂ ಅದು ಇನ್ನೂ ಒಂದು ಚಿತ್ರ.

ತುಣುಕು ನೋಡುವ ಚಟ

ಈಗ ಮತ್ತೆ ಆ ಹತ್ತನೆಯ ಇಯತ್ತೆಯ ಹುಡುಗನ ಬಳಿಗೆ ಬರೋಣ. ಅವನೂ ಮತ್ತೆ ಮತ್ತೆ ನೋಡುತ್ತಿದ್ದಾನಲ್ಲ, ಅದರಲ್ಲೇನು ತಪ್ಪು? ತಪ್ಪೆಂದು ಹೇಳುವುದಕ್ಕೆ ಮುಂಚೆ ಏನನ್ನು ನೋಡುತ್ತಿದ್ದಾನೆ ಎಂದು ತಂದೆತಾಯಿ ಇಣುಕಿ ನೋಡುವುದು ಒಳ್ಳೆಯದು. ಬಹಳ ಸಲ ಅವನು ಸಿನಿಮಾ ನೋಡುತ್ತಿರುವುದಿಲ್ಲ. ನಾಯಕನ ಪ್ರವೇಶದ ಎರಡು ನಿಮಿಷ, ಹೊಡೆದಾಟದ ಒಂದು ನಿಮಿಷ, ಸಂಭಾಷಣೆಯ ಅರ್ಧ ನಿಮಿಷ. ಅದು ಮುಗಿದೊಡನೆ ಬೆರಳು ಮೇಲಕ್ಕೆ ಸರಿದು ಇನ್ನೊಂದು ತುಣುಕು. ಪೂರ್ತಿ ಚಿತ್ರ ಹಾಕಿದರೂ ಹಾಡು ಹಾರಿಸಿ, ಮಾತಿಲ್ಲದ ಜಾಗ ಓಡಿಸಿ, ಒಂದೂವರೆ ಪಟ್ಟು ವೇಗದಲ್ಲಿ ಮುಗಿಸುತ್ತಾನೆ. ಹಿಂದೆ ಟಾಕೀಸಿನಲ್ಲೂ ಹಾಡು ಬಂದಾಗ ಬೀಡಿ ಸೇದಲು ಎದ್ದು ಹೋಗುವವರಿದ್ದರು, ಸುಳ್ಳಲ್ಲ. ಆದರೆ ಅವರು ವಾಪಸು ಬರುವವರೆಗೆ ಚಿತ್ರ ತನ್ನ ಪಾಡಿಗೆ ತನ್ನ ವೇಗದಲ್ಲೇ ನಡೆಯುತ್ತಿತ್ತು. ಈಗ ಚಿತ್ರವೇ ನೋಡುವವನ ಅವಸರಕ್ಕೆ ತಕ್ಕಂತೆ ಓಡುತ್ತದೆ.

ಅಂಗೈಯಗಲದ ತೆರೆಯ ಮೇಲೆ ಕಣ್ಣು ಹುಡುಕಬೇಕಾದದ್ದೂ ಕಡಿಮೆ. ಹಿಂದೆ ನಿಂತವನ ಮುಖ ಅಲ್ಲಿ ಸಾಸಿವೆಕಾಳಿನಷ್ಟು. ತುಣುಕನ್ನು ನೂರು ಸಲ ನೋಡಿದರೂ ಹೊಸದು ಸಿಗುವುದು ಕಷ್ಟ, ಯಾಕೆಂದರೆ ಆ ಎರಡು ನಿಮಿಷಕ್ಕೆ ಅರ್ಥ ಕೊಡುವ ಎರಡು ಗಂಟೆ ಅಲ್ಲಿಲ್ಲ.

ಇನ್ನೊಂದು ನಷ್ಟವೂ ಇದೆ. ಎಂಬತ್ತರ ದಶಕದಲ್ಲಿ ಗಣಪತಿ ಹಬ್ಬಕ್ಕೋ ಮನೆಯ ಕಾರ್ಯಕ್ಕೋ ಟಿವಿ, ವಿಸಿಆರ್ ಬಾಡಿಗೆಗೆ ತಂದು ರಾ‌ತ್ರಿಯಿಡೀ ಮೂರು ಚಿತ್ರ ಹಾಕಿದರೆ ಇಡೀ ಓಣಿ ಕೂಡುತ್ತಿತ್ತು. ಮುಂದೆ ಮನೆಮನೆಗೆ ಟಿವಿ ಬಂದಾಗಲೂ ಇಡೀ ಮನೆ ಒಂದೇ ಚಿತ್ರ ನೋಡುತ್ತಿತ್ತು. ಮನೆಯವರು ಜಗಳವಾಡುವುದಾದರೂ ಒಂದೇ ಚಿತ್ರದ ಮೇಲೆ ಆಡುತ್ತಿದ್ದರು. ಈಗ ನಾಲ್ಕು ಜನರ ಮನೆಯಲ್ಲಿ ನಾಲ್ಕು ಮೊಬೈಲು, ನಾಲ್ಕು ಕಿವಿಯಂತ್ರ. ಮಗ ಹತ್ತು ಸಲ ನೋಡಿದ ಚಿತ್ರದ ಹೆಸರೂ ತಂದೆಗೆ ಗೊತ್ತಿಲ್ಲ. ತಂದೆ ಯಾವ ಚಿತ್ರಕ್ಕೆ ಅಳುತ್ತಾನೆಂದು ಮಗನಿಗೆ ಗೊತ್ತಿಲ್ಲ. ಮಗ ದಾರಿ ತಪ್ಪುತ್ತಿದ್ದಾನೆ ಎಂದು ಮಾಸ್ತರರ ಬಳಿ ದೂರು ತರುವ ಪಾಲಕರು ಮೊದಲು ಅವನ ಪಕ್ಕದಲ್ಲಿ ಕುಳಿತು ಅವನ ಮೆಚ್ಚಿನ ಒಂದು ಚಿತ್ರವನ್ನು ಪೂರ್ತಿ ನೋಡಬಹುದು. ಆಮೇಲೆ ತಮ್ಮದೊಂದನ್ನು ಅವನಿಗೆ ತೋರಿಸಬಹುದು. ಪರೀಕ್ಷೆ ಮುಗಿದ ಮೇಲೆಯೇ ಆಗಲಿ.

ಹಾಗೆ ತೋರಿಸಲು ಒಂದು ಚಿತ್ರ ಆರಿಸುವುದಾದರೆ 'ನಾಗರಹಾವು' ಇರಲಿ. ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ 1972ರಲ್ಲಿ ಮಾಡಿದ ಈ ಚಿತ್ರ 2018ರಲ್ಲಿ ಮರುಬಿಡುಗಡೆಯಾಯಿತು. ಚಿತ್ರದುರ್ಗದ ಕೋಟೆ, ಹಟಮಾರಿ ರಾಮಾಚಾರಿಯಾಗಿ ವಿಷ್ಣುವರ್ಧನ್, ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟರಾಗಿ ಕೆ.ಎಸ್. ಅಶ್ವಥ್. ರಾಮಾಚಾರಿ ಅಲಮೇಲುವನ್ನು ಪ್ರೀತಿಸುತ್ತಾನೆ. ಜಾತಿ ಅಡ್ಡ ಬರುತ್ತದೆ. ಮೇಷ್ಟರು ಹೇಳಿದರೆಂದು, ಆ ಒಂದೇ ಕಾರಣಕ್ಕೆ, ಅವಳನ್ನು ಬಿಟ್ಟುಕೊಡುತ್ತಾನೆ. ಬೇರೆಯವನನ್ನು ಮದುವೆಯಾದ ಅಲಮೇಲುವಿನ ಬಾಳು ಹಾಳಾಗಿ ಹೋಗುತ್ತದೆ. ಮುಂದೆ ಮಾರ್ಗರೆಟ್ ವಿಷಯದಲ್ಲಿ ಮೇಷ್ಟರು ಮತ್ತೆ ಅಡ್ಡ ನಿಂತಾಗ ಎಲ್ಲವೂ ದುರ್ಗದ ಬಂಡೆಯ ಮೇಲೆ ಮುಗಿಯುತ್ತದೆ.

ಹದಿನೈದರ ಹುಡುಗ ಇದನ್ನು ನೋಡಿದರೆ ರಾಮಾಚಾರಿಯ ಸಿಟ್ಟು ನೋಡುತ್ತಾನೆ. ಮೇಷ್ಟರ ಮಾತು ಅವನಿಗೆ ಬೇಡಿ. ಅವನ ಅಪ್ಪನೂ ಹದಿನೈದರಲ್ಲಿ ಹಾಗೆಯೇ ನೋಡಿದ್ದ. ನಲವತ್ತೈದರಲ್ಲಿ ಅದೇ ಅಪ್ಪನ ಕಣ್ಣು ಚಾಮಯ್ಯನವರ ಮೇಲೆ ನಿಲ್ಲುತ್ತದೆ. ಅವರು ಕೆಟ್ಟವರಲ್ಲ, ಆ ಹುಡುಗನನ್ನು ಊರಿನಲ್ಲಿ ನಂಬಿದವರೇ ಅವರು. ಪ್ರೀತಿಯಿಂದಲೇ, ಒಳ್ಳೆಯದಾಗಲೆಂದೇ ಹೇಳಿದ ಮಾತು ಅಷ್ಟು ದೊಡ್ಡ ಅನಾಹುತಕ್ಕೆ ದಾರಿಯಾಯಿತಲ್ಲ ಎಂಬುದು ಈ ವಯಸ್ಸಿನಲ್ಲಿ ತಟ್ಟುತ್ತದೆ. ಮಕ್ಕಳ ಕಾಲೇಜು, ಓದುವ ವಿಷಯ, ಮದುವೆ ಎಲ್ಲವನ್ನೂ ಒಳ್ಳೆಯದಾಗಲೆಂದೇ ತೀರ್ಮಾನಿಸುವ ಪಾಲಕರಿಗೆ ಆ ಮುಖ ನೋಡುವುದು ಅಷ್ಟು ಸುಲಭವಲ್ಲ. ಮಗ ಪಕ್ಕದಲ್ಲೇ ಕುಳಿತಿದ್ದರೆ ಇನ್ನೂ ಕಷ್ಟ. ತಪ್ಪು ಯಾರದು? ಮಾಸ್ತರರದೋ, ಯೋಚಿಸದೆ ತಲೆಬಾಗಿಸಿದ ಶಿಷ್ಯನದೋ? ಈ ಪ್ರಶ್ನೆ ಬಿದ್ದ ಮನೆಯಲ್ಲಿ ಊಟ ತಣ್ಣಗಾಗುವವರೆಗೆ ಮಾತು ನಿಲ್ಲುವುದಿಲ್ಲ.

ಇಬ್ಬರೂ ವಾದಿಸಿ ದಣಿದ ಹೊತ್ತಿಗೆ, ಆ ಚಿತ್ರವನ್ನು ಇಬ್ಬರಿಗಿಂತ ಹೆಚ್ಚು ಸಲ ನೋಡಿದ ಅಜ್ಜಿ ಮೂಲೆಯಿಂದ ಬಾಯಿ ಹಾಕುತ್ತಾಳೆ: "ಮಾಸ್ತರ ಏನಂದಾ, ರಾಮಾಚಾರಿ ಏನಂದಾ ಅಂತ ಬಡದಾಡತೀರಿ. ಆ ಹುಡುಗಿ ಅಲಮೇಲೂನ್ನ ಯಾರರೆ ಒಂದ ಮಾತ ಕೇಳಿದರೇನ?"